ಪದ ಪರಿಚಯ: ಸ್ಪಾರ್ ವಾರ್ನಿಶ್

ಹಾಯಿಹಡಗಿನಲ್ಲಿ ಹಾಯಿಯನ್ನು ಹೊತ್ತು ನಿಲ್ಲುವ ಕಂಬ, ಅಡ್ಡಮರಗಳಿಗೆ ಇಂಗ್ಲಿಷಿನಲ್ಲಿ ‘ಸ್ಪಾರ್’ ಎನ್ನುತ್ತಾರೆ. ಗಾಳಿ ಹೊಡೆದಾಗ ಈ ಮರ ಬಿಲ್ಲಿನಂತೆ ಬಾಗಿ ಮತ್ತೆ ನೆಟ್ಟಗಾಗುತ್ತದೆ. ಮೇಲೆ ಬಳಿದದ್ದು ಗಾಜಿನ ಹಾಗೆ ಗಟ್ಟಿಯಾಗಿದ್ದರೆ ಬಾಗಿದಲ್ಲೆಲ್ಲ ಸೀಳುತ್ತದೆ. ಮರದ ಜೊತೆಗೇ ಬಾಗುವ ವಾರ್ನಿಶ್‌ಗೆ ಈ ಹೆಸರು ಬಂದದ್ದು ಹಾಗೆ.

ಅಂಗಳದ ಬೆಂಚು ಗಾಳಿಗೆ ಬಾಗುವುದಿಲ್ಲ, ನಿಜ. ಆದರೆ ಮಂಗಳೂರು, ಉಡುಪಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬೇಸಿಗೆಯಲ್ಲಿ ಕುಗ್ಗಿದ ಹಲಗೆ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಉಬ್ಬುತ್ತದೆ. ಒಂದಡಿ ಅಗಲದ ಸಾಗುವಾನಿ ಹಲಗೆಯಲ್ಲಿ ವ್ಯತ್ಯಾಸ ಒಂದೆರಡು ಮಿಲಿಮೀಟರ್, ಅದೂ ಅಗಲಕ್ಕೆ ಮಾತ್ರ. ಉದ್ದಕ್ಕೆ ಮರ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಹಲಗೆಗೆ ಕಾಲು ಸೇರುವ ಸಂದಿಯಲ್ಲೇ ಪದರ ಮೊದಲು ಬಿರಿಯುತ್ತದೆ. ಅಲ್ಲಿ ನುಗ್ಗಿದ ನೀರನ್ನು ಮೇಲಿನ ವಾರ್ನಿಶ್ ಆರಲು ಬಿಡುವುದಿಲ್ಲ. ಮೇಲೆ ಗುಳ್ಳೆ, ಅಡಿಯಲ್ಲಿ ಕಪ್ಪು ಬೂಷ್ಟು.

ಬಾಗುವ ಗುಣ ಕೊಡುವುದು ಎಣ್ಣೆ. ಸ್ಪಾರ್ ವಾರ್ನಿಶ್‌ನಲ್ಲಿ ರಾಳಕ್ಕಿಂತ ಟಂಗ್ (ಟಂಗ್ ಮರದ ಬೀಜದ್ದು) ಅಥವಾ ಅಗಸೆ ಎಣ್ಣೆಯ ಪಾಲು ಹೆಚ್ಚು. ಒಣಗಿದ ಮೇಲೂ ಸ್ವಲ್ಪ ಮೆತ್ತಗೆನಿಸುತ್ತದೆ, ಅದು ದೋಷವಲ್ಲ. ಗಟ್ಟಿಯಾಗಿ ಒಣಗುವ ಮೆಲಮೈನ್, ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್ ಮನೆಯೊಳಗಿನ ಕಪಾಟಿಗೆ ಸರಿ. ಅರಗಿನ ಫ್ರೆಂಚ್ ಪಾಲಿಶ್ ನೀರು ನಿಂತರೆ ಬೆಳ್ಳಗಾಗುತ್ತದೆ. ಬರೀ ಅಗಸೆ ಎಣ್ಣೆ ಹಚ್ಚಿದರೆ ಬೂಷ್ಟಿಗೆ ಊಟ ಬಡಿಸಿದಂತೆ. ಕೊಳ್ಳುವಾಗ ಡಬ್ಬಿಯ ಮೇಲೆ ಯುವಿ (ಬಿಸಿಲಿನ ಅತಿನೇರಳೆ ಕಿರಣ) ತಡೆ ಇದೆಯೆಂದು ಬರೆದಿದೆಯೇ ನೋಡಿ. ಬಿಸಿಲು ಪದರ ದಾಟಿ ಅಡಿಯ ಮರವನ್ನು ಕೆಡಿಸಿದರೆ, ಮೇಲಿನ ವಾರ್ನಿಶ್ ಗಟ್ಟಿಯಿದ್ದೂ ಸಿಪ್ಪೆ ಏಳುತ್ತದೆ.

ಬಳಿಯಲು ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಕಡಲ ಹತ್ತಿರದ ಮನೆಯಾದರೆ ಮೊದಲು ಸಿಹಿನೀರಿನ ಬಟ್ಟೆಯಿಂದ ಉಪ್ಪನ್ನು ಒರಸಿ, ಎರಡು ಮೂರು ದಿನ ಆರಲು ಬಿಡಿ. ಉಪ್ಪು ಉಳಿದರೆ ಪದರದಡಿ ತೇವ ಎಳೆಯುತ್ತದೆ. 120, ಆಮೇಲೆ 180 ನಂಬರಿನ ಸ್ಯಾಂಡ್ ಪೇಪರಿನಿಂದ ಉಜ್ಜಿ. ಸಾಗುವಾನಿಯಲ್ಲಿ ತನ್ನದೇ ಜಿಡ್ಡು ಇರುವುದರಿಂದ ಥಿನ್ನರ್ ಬಟ್ಟೆಯಿಂದ ಒರಸಿ, ಅದು ಆರಿದ ಕೂಡಲೇ ಮೊದಲ ಕೋಟ್ ಕೊಡಿ. ಮೊದಲ ಕೋಟಿಗೆ ವಾರ್ನಿಶ್, ಟರ್ಪೆಂಟೈನ್ ಸಮಸಮ. ಎರಡನೆಯದಕ್ಕೆ ಮೂರು ಪಾಲು ವಾರ್ನಿಶ್‌ಗೆ ಒಂದು ಪಾಲು ಟರ್ಪೆಂಟೈನ್. ಮುಂದಿನ ಮೂರು ನಾಲ್ಕು ಕೋಟ್ ಬೆರಕೆಯಿಲ್ಲದೆ. ನಡುವೆ 24 ಗಂಟೆ ಬಿಟ್ಟು 320ರಿಂದ ಹಗುರಾಗಿ ಉಜ್ಜಬೇಕು. ಡಬ್ಬಿಯನ್ನು ಕುಲುಕಬೇಡಿ, ಕೋಲಿನಿಂದ ಕಲಸಿ. ಕುಲುಕಿದರೆ ಗಾಳಿಗುಳ್ಳೆಗಳು ಪದರದಲ್ಲೇ ಒಣಗಿ ತೂತಾಗುತ್ತವೆ. ಎಣ್ಣೆ ಹತ್ತಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ತಾನಾಗಿ ಬೆಂಕಿ ಹತ್ತಬಹುದು, ಹರವಿ ಒಣಗಿಸಿ.

ಹೆಚ್ಚಿನವರು ಮರೆಯುವುದು ಕಾಲಿನ ತಳವನ್ನು. ಮರ ಅಡ್ಡ ಕೊಯ್ದ ಜಾಗವದು, ಅಲ್ಲಿ ನಾರಿನ ಕೊಳವೆಗಳೆಲ್ಲ ಬಾಯಿ ತೆರೆದಿರುತ್ತವೆ. ಒದ್ದೆ ಕೆಂಪುಕಲ್ಲಿನ ಮೇಲೆ ನಿಂತರೆ ನೀರು ಬತ್ತಿಯಂತೆ ಏರುತ್ತದೆ. ತಟ್ಟೆಯಲ್ಲಿ ತೆಳು ವಾರ್ನಿಶ್ ಸುರಿದು ಕಾಲುಗಳನ್ನು ಹತ್ತು ನಿಮಿಷ ಅದರಲ್ಲಿ ನಿಲ್ಲಿಸಿ, ಮರುದಿನ ಇನ್ನೊಮ್ಮೆ.

ಮಾಡಿನಡಿಯ ಜಗಲಿ ಬೆಂಚಿಗೆ ಈ ವಾರ್ನಿಶ್ ತಕ್ಕದ್ದು. ಬಯಲಲ್ಲೇ ನೆನೆಯುವ ಬೆಂಚಿಗಾದರೆ ಮಳೆ ಮುಗಿದು ಮರ ಒಣಗಿದ ಮೇಲೆ ಪ್ರತಿ ವರ್ಷ ಉಜ್ಜಿ ಒಂದೆರಡು ಕೋಟ್ ಕೊಡುವವರು ಮಾತ್ರ ಬಳಸಿ. ಗುಳ್ಳೆ ಎದ್ದಲ್ಲಿ ಮೇಲಿಂದಲೇ ಬಳಿಯಬೇಡಿ. ಆ ಜಾಗವನ್ನು ಬರಿ ಮರ ಕಾಣುವಷ್ಟು ಕೆರೆದು, ಸಮಸಮ ಬೆರಕೆಯ ಕೋಟಿನಿಂದಲೇ ಮತ್ತೆ ಶುರುಮಾಡಿ.