ದನಿ ಚೆನ್ನ, ಬೆಸುಗೆ ಸಡಿಲ

ರಿಪೇರಿಗೆ ಬರುವ ಟ್ಯೂಬ್ ಆಂಪ್‌ಗಳಲ್ಲಿ (ಗಾಜಿನ ನಿರ್ವಾತ ಟ್ಯೂಬ್‌ಗಳಿಂದ ಗಿಟಾರಿನ ದನಿ ಹಿಗ್ಗಿಸುವ ಆಂಪ್ಲಿಫೈಯರ್‌ಗಳು) ಟೋನ್ ಸರಿಯಿಲ್ಲ ಎಂದು ಬರುವವು ಕಡಿಮೆ. "ಅರ್ಧ ಗಂಟೆ ಚೆನ್ನಾಗೇ ಇರುತ್ತೆ, ಆಮೇಲೆ ಕರಕರ ಅನ್ನತ್ತೆ" ಅನ್ನುವ ದೂರೇ ಜಾಸ್ತಿ. ಆ ಅರ್ಧ ಗಂಟೆಯಲ್ಲೇ ಕಾಯಿಲೆಯ ಸುಳಿವಿದೆ. ಬಿಸಿಯಾದ ಮೇಲೆ ಏನೋ ಬಿಟ್ಟುಕೊಳ್ಳುತ್ತಿದೆ.

ಮೊನ್ನೆ ಬಂದ ಕಾಂಬೊ ಆಂಪ್ (ಆಂಪ್, ಸ್ಪೀಕರ್ ಎರಡೂ ಒಂದೇ ಪೆಟ್ಟಿಗೆಯಲ್ಲಿ) ಕೂಡ ಅಂಥದ್ದೇ. ಎರಡು ಪವರ್ ಟ್ಯೂಬ್, 12 ಇಂಚಿನ ಒಂದು ಸ್ಪೀಕರ್. ಕಂಪನಿ ಹೆಸರು ಬೇಡ ಬಿಡಿ. ಮೊದಲು ಸುಮ್ನೆ ನುಡಿಸಿ ನೋಡಿದೆ. ಮೆಲ್ಲಗೆ ಮೀಟಿದರೆ ತಿಳಿನೀರು. ಒತ್ತಿ ಮೀಟಿದರೆ ದನಿಯ ಅಂಚು ಒರಟಾಗುತ್ತದೆ. ಗಿಟಾರಿನ ವಾಲ್ಯೂಮ್ ತುಸು ಇಳಿಸಿದರೆ ಆ ಒರಟು ಮಾಯ. ಬೆರಳಿನ ಮಾತು ಕೇಳುವ ಆಂಪ್ ಇದು. ಸ್ಪೀಕರಿನ ಆಯ್ಕೆಯೂ ಸರಿಯಾಗಿದೆ. ಗಿಟಾರ್ ಸ್ಪೀಕರ್ ಸುಮಾರು 5 ಕಿಲೋಹರ್ಟ್ಸ್ ದಾಟಿದರೆ ಬೇಗ ಸೊರಗುತ್ತದೆ. ಹಾಡು ಕೇಳುವ ಸ್ಪೀಕರಿಗೆ ಅದು ದೋಷ, ಇಲ್ಲಿ ಅದೇ ಬೇಕು. ಇಲ್ಲದಿದ್ದರೆ ಡಿಸ್ಟಾರ್ಷನ್, ಅಂದರೆ ಆ ಒರಟು ದನಿ, ಜೇನ್ನೊಣದ ಗುಂಯ್‌ಗುಡುವಿಕೆ ಆಗುತ್ತದೆ.

ಬಿಚ್ಚಿದಾಗ ಬೇಸರವಾಯಿತು. ಚಾಸಿ, ಅಂದರೆ ಲೋಹದ ಚೌಕಟ್ಟು, ಮೇಲ್ಗಡೆ ಇದೆ, ಟ್ಯೂಬ್‌ಗಳು ಬಾವಲಿಗಳ ಹಾಗೆ ಅದರಿಂದ ಕೆಳಗೆ ಜೋತಿವೆ. ಬಿಸಿಗಾಳಿ ಏರುವುದು ಮೇಲಕ್ಕೇ ಅಲ್ವಾ? ಅಲ್ಲೇ ಸರ್ಕ್ಯೂಟ್ ಬೋರ್ಡ್ ಇದೆ. ಸಾಲದ್ದಕ್ಕೆ ಟ್ಯೂಬ್ ಸಾಕೆಟ್ಟನ್ನು ನೇರವಾಗಿ ಬೋರ್ಡಿಗೇ ಬೆಸೆದಿದ್ದಾರೆ. ಪ್ರತಿ ಸಲ ಕಾದು ಆರಿದಾಗಲೂ, ಟ್ಯೂಬ್ ಕಿತ್ತು ಹಾಕಿದಾಗಲೂ ಆ ಬೆಸುಗೆಯೇ ಏಟು ತಿನ್ನಬೇಕು. ಭೂತಗನ್ನಡಿ ಹಿಡಿದರೆ ಒಂದು ಪಿನ್ನಿನ ಸುತ್ತ ಕೂದಲೆಳೆಯ ಬಿರುಕು, ಉಂಗುರದ ಹಾಗೆ. ಕರಕರ ಬರುತ್ತಿದ್ದದ್ದು ಅಲ್ಲಿಂದ.

ಪಕ್ಕದಲ್ಲಿ 5 ವ್ಯಾಟ್‌ನ ಎರಡು ರೆಸಿಸ್ಟರ್, ಬೋರ್ಡಿಗೆ ಅಂಟಿಕೊಂಡೇ ಮಲಗಿವೆ. ಅವುಗಳ ಕೆಳಗೆ ಬೋರ್ಡು ಸುಟ್ಟ ಕಂದು. ಕಾಲು ಸ್ವಲ್ಪ ಉದ್ದ ಬಿಟ್ಟು ಎತ್ತರಕ್ಕೆ ನಿಲ್ಲಿಸಿದ್ದರೆ ಅಡಿಯಲ್ಲಿ ಗಾಳಿ ಆಡುತ್ತಿತ್ತು. ವಿದ್ಯುತ್ತಿನ ಏರಿಳಿತ ಸಮ ಮಾಡುವ ಫಿಲ್ಟರ್ ಕ್ಯಾಪಾಸಿಟರ್‌ಗಳನ್ನೂ ಪವರ್ ಟ್ಯೂಬಿನ ಹತ್ತಿರವೇ ಇಟ್ಟಿದ್ದಾರೆ. ಶಾಖ 10 ಡಿಗ್ರಿ ಏರಿದರೆ ಅವುಗಳ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಟ್ಯೂಬ್ ಅಂದಮೇಲೆ ಬಿಸಿ ಇದ್ದದ್ದೇ ಎನ್ನುವವರಿದ್ದಾರೆ. ಡಿಕ್ ಡೆನ್ನಿ ರೂಪಿಸಿದ ಬ್ರಿಟಿಷ್ ಗಿಟಾರ್ ಆಂಪ್ ವಾಕ್ಸ್ ಎಸಿ30 ನೋಡಿ. ನಾಲ್ಕು ಇಎಲ್84 ಟ್ಯೂಬ್‌ಗಳು ಒತ್ತೊತ್ತಾಗಿ ನಿಂತು ಒಳಗೆ ಒಲೆ ಹಚ್ಚಿದ ಹಾಗಿರುತ್ತದೆ. ಆದರೆ ಹಳೆಯ ಎಸಿ30ಗಳಲ್ಲಿ ಸಾಕೆಟ್ ಲೋಹದ ಚಾಸಿಗೆ ಕಚ್ಚಿರುತ್ತದೆ, ಅಲ್ಲಿಂದ ವೈರ್. ಏಟು ತಿನ್ನುವುದು ಲೋಹ. ಹಾಗಂತ ನಾನು ಬೋರ್ಡಿನ ವೈರಿಯಲ್ಲ. ಸಾಕೆಟ್ಟನ್ನು ಅದರಿಂದ ಬೇರೆ ಇಟ್ಟರೆ ಬೋರ್ಡು ಒಳ್ಳೆಯದೇ, ಒಂದು ಆಂಪಿಗೂ ಇನ್ನೊಂದಕ್ಕೂ ವ್ಯತ್ಯಾಸ ಬರುವುದಿಲ್ಲ.

ಇನ್ನೊಂದು ಕಿರಿಕಿರಿ ವಾಲ್ಯೂಮ್ ನಾಬ್. 1ರಲ್ಲಿ ಪಿಸುಮಾತು, 2ಕ್ಕೆ ಬಂದರೆ ಕಿವಿ ಹರಿಯುತ್ತದೆ, 5ರ ಮೇಲೆ ಏನೂ ಹೆಚ್ಚುವುದಿಲ್ಲ. ಕಡಿಮೆ ವ್ಯಾಟ್‌ನದು ತಗೊಂಡರೆ ತಪ್ಪುತ್ತಿತ್ತೇನೋ ಎಂದು ಕೆಲವರು ಕೇಳುತ್ತಾರೆ. ವ್ಯಾಟ್ ಅರ್ಧ ಮಾಡಿದರೆ ಇಳಿಯುವುದು ಬರೀ 3 ಡೆಸಿಬಲ್, ಕಿವಿಗೆ ಅದು ತುಸುವೇ. ತೊಂದರೆ ನಾಬ್ ಹಿಂದಿನ ಪಾಟ್‌ನಲ್ಲಿದೆ, ಅಂದರೆ ತಿರುಗಿಸಿದಂತೆ ದನಿ ಏರಿಳಿಸುವ ರೆಸಿಸ್ಟರ್‌ನಲ್ಲಿ.

ಕ್ಯಾಪಾಸಿಟರ್‌ಗಳ ಚಾರ್ಜ್ ಇಳಿಸಿ ಕೆಲಸ ಶುರು ಮಾಡಿದೆ. ಪ್ಲಗ್ ಕಿತ್ತ ಮೇಲೂ ಅವುಗಳಲ್ಲಿ 400 ವೋಲ್ಟ್ ಉಳಿದಿರಬಹುದು, ಮನೆಯಲ್ಲಿ ಬಿಚ್ಚಲು ಹೋಗಬೇಡಿ. ಸಾಕೆಟ್ಟಿನ ಪಿನ್ನುಗಳನ್ನೆಲ್ಲ ಹೊಸದಾಗಿ ಬೆಸೆದೆ, ರೆಸಿಸ್ಟರ್‌ಗಳನ್ನು ಎತ್ತಿ ನಿಲ್ಲಿಸಿದೆ. ವಾಲ್ಯೂಮ್ ಪಾಟ್ ಬದಲಿಸಲಾ ಎಂದು ಕೇಳಿದ್ದಕ್ಕೆ ಮಾಲೀಕರು, "ಬೇಡ, ಕೈಗೆ ಅಭ್ಯಾಸ ಆಗಿಬಿಟ್ಟಿದೆ" ಎಂದರು.