ಹೈಡನ್‌ನ ಟ್ರಿಯೊದಲ್ಲಿ ಚೆಲ್ಲೊಗೆ ಏನು ಕೆಲಸ?

ಹದಿನೆಂಟನೇ ಶತಮಾನದ ಆಸ್ಟ್ರಿಯಾದ ಸಂಗೀತಗಾರ ಜೋಸೆಫ್ ಹೈಡನ್ ಬರೆದ ಪಿಯಾನೊ ಟ್ರಿಯೊಗಳಲ್ಲಿ ಚೆಲ್ಲೊ ನುಡಿಸುವವರ ಪಾಡು ನೋಡಿದರೆ ಅಯ್ಯೋ ಪಾಪ ಅನಿಸುತ್ತದೆ. ಟ್ರಿಯೊ ಅಂದರೆ ಮೂವರು: ಪಿಯಾನೊ, ವಯಲಿನ್, ಮತ್ತು ವಯಲಿನ್‌ನ ದೊಡ್ಡಣ್ಣನಂತೆ ಕೆಳಗಿನ ಸ್ವರ ನುಡಿಸುವ ಚೆಲ್ಲೊ. ಪಿಯಾನೊ ಓಡುತ್ತದೆ, ಕುಣಿಯುತ್ತದೆ, ತಮಾಷೆ ಮಾಡುತ್ತದೆ. ವಯಲಿನ್‌ಗೂ ಆಗಾಗ ಒಳ್ಳೆಯ ರಾಗ ಸಿಗುತ್ತದೆ. ಚೆಲ್ಲೊಗೆ? ಪುಟಗಟ್ಟಲೆ ಪಿಯಾನೊದವರ ಎಡಗೈ ಏನು ನುಡಿಸುತ್ತದೋ ಅದನ್ನೇ ನುಡಿಸುವ ಕೆಲಸ. ಸಂಬಳ ಕೊಟ್ಟು ನೆರಳನ್ನು ಇಟ್ಟುಕೊಂಡ ಹಾಗೆ.

ಇಂಥ ಟ್ರಿಯೊಗಳು ಒಂದೆರಡಲ್ಲ, ಸುಮಾರು 45 ಇವೆ. ಹೈಡನ್‌ಗೆ ಚೆಲ್ಲೊ ಬಗ್ಗೆ ಗೊತ್ತಿರಲಿಲ್ಲ ಅನ್ನುವ ಹಾಗೂ ಇಲ್ಲ. 1772ರಲ್ಲಿ ಬರೆದ ಓಪಸ್ 20 ಅನ್ನುವ ಕೃತಿಗುಚ್ಛದ ಎರಡನೇ ಸ್ಟ್ರಿಂಗ್ ಕ್ವಾರ್ಟೆಟ್ (ಎರಡು ವಯಲಿನ್, ವಿಯೋಲಾ, ಚೆಲ್ಲೊಗಳ ನಾಲ್ವರ ಕೃತಿ) ಶುರುವಾಗುವುದೇ ಚೆಲ್ಲೊದ ರಾಗದಿಂದ. ಅಲ್ಲಿ ರಾಜನಾಗಿದ್ದ ವಾದ್ಯ ಇಲ್ಲಿ ಯಾಕೆ ಹೀಗೆ? ಉತ್ತರ ಆ ಕಾಲದ ಪಿಯಾನೊದ ಹೊಟ್ಟೆಯೊಳಗಿದೆ.

ಇವತ್ತಿನ ದೊಡ್ಡ ಕಛೇರಿ ಪಿಯಾನೊ ಒಂದು ಕಬ್ಬಿಣದ ಆನೆ. 88 ಕೀಲಿಗಳು, ಹೆಚ್ಚುಕಮ್ಮಿ 500 ಕಿಲೋ ತೂಕ. ಒಳಗಿನ ತಂತಿಗಳೆಲ್ಲ ಸೇರಿ ಸುಮಾರು 20 ಟನ್ ಬಲದಿಂದ ಎಳೆಯುತ್ತಿರುತ್ತವೆ. ಆ ಎಳೆತ ತಡೆಯಲಿಕ್ಕೇ ಎರಕದ ಕಬ್ಬಿಣದ ಚೌಕಟ್ಟು. ಅದು ಬಂದದ್ದು 1825ರ ನಂತರ. ಹೈಡನ್ ತೀರಿಕೊಂಡದ್ದು 1809ರಲ್ಲಿ. ಆತ ನುಡಿಸಿದ ಪಿಯಾನೊಗೆ ಮರದ ಚೌಕಟ್ಟು, ತೆಳು ತಂತಿ, ತೊಗಲು ಹೊದಿಸಿದ ಪುಟ್ಟ ಸುತ್ತಿಗೆಗಳು, ಐದೇ ಐದು ಸ್ಥಾಯಿ. ಇದನ್ನು ಈಗ ಫೋರ್ಟೆಪಿಯಾನೊ ಅಂತ ಕರೆಯುತ್ತಾರೆ.

ಈ ವಾದ್ಯಕ್ಕೆ ಕಷ್ಟ ಇದ್ದದ್ದು ಕೆಳಗಿನ ಸ್ವರಗಳಲ್ಲಿ. ದಪ್ಪ, ಬಿಗಿ ಅಷ್ಟೇ ಇಟ್ಟು ತಂತಿಯ ಸ್ವರ ಒಂದು ಸ್ಥಾಯಿ ಇಳಿಯಬೇಕಾದರೆ ಅದರ ಉದ್ದ ಎರಡರಷ್ಟಾಗಬೇಕು. ಐದು ಸ್ಥಾಯಿ ಇಳಿಯಲು 32 ಪಟ್ಟು. ಮೇಲಿನ ತುದಿಯ ತಂತಿ ಅರ್ಧ ಗೇಣು ಅಂದುಕೊಳ್ಳಿ. ಕೆಳಗಿನದು 16 ಗೇಣು, ಅಂದರೆ ಎಂಟು ಮೊಳ, 12 ಅಡಿ! ಅಷ್ಟು ಉದ್ದದ ಪಿಯಾನೊ ಯಾರ ಮನೆಯಲ್ಲಿ ಹಿಡಿಸುತ್ತದೆ? ಹಾಗಾಗಿ ತಂತಿಯನ್ನು ಗಿಡ್ಡ ಮಾಡಿ, ದಪ್ಪ ಮಾಡಬೇಕು. ದಪ್ಪ ಜಾಸ್ತಿಯಾದರೆ ಅದು ತಂತಿಯ ಗುಣ ಬಿಟ್ಟು ಸರಳಿನ ಹಾಗೆ ಬಿರುಸಾಗುತ್ತದೆ, ನಾದ ಕೆಡುತ್ತದೆ. ಈಗಿನವರು ಉಕ್ಕಿನ ತಂತಿಗೆ ತಾಮ್ರ ಸುತ್ತಿ ಈ ತೊಡಕು ಬಿಡಿಸಿಕೊಂಡಿದ್ದಾರೆ. ತೂಕವೂ ಬಂತು, ಬಾಗುವ ಗುಣವೂ ಉಳಿಯಿತು. ಹೈಡನ್ ಕಾಲದ ವಿಯೆನ್ನಾ ಪಿಯಾನೊದಲ್ಲಿ ಕೆಳಗಿನ ಸ್ವರಗಳಿಗೆ ಇದ್ದದ್ದು ಬರೀ ಹಿತ್ತಾಳೆ ತಂತಿ.

ಇನ್ನೊಂದು ತೊಂದರೆ ಗಾಳಿಯದು. ಚೆಲ್ಲೊದ ಅತಿ ಕೆಳಗಿನ ಸ್ವರ ಸೆಕೆಂಡಿಗೆ ಸುಮಾರು 65 ಸಲ ಕಂಪಿಸುತ್ತದೆ. ಅದರ ಅಲೆ ಐದು ಮೀಟರಿಗಿಂತ ಉದ್ದ. ಅಷ್ಟು ಉದ್ದದ ಅಲೆಯನ್ನು ತಂತಿಗಳ ಕೆಳಗೆ ನಾದ ಹೊಮ್ಮಿಸುವ ಪಿಯಾನೊದ ಚಿಕ್ಕ ಮರದ ಹಲಗೆ ಗಾಳಿಗೆ ದಾಟಿಸಲು ಒದ್ದಾಡುತ್ತದೆ. ಸ್ವರ ಸ್ಪಷ್ಟವಾಗಿಯೇ ಕೇಳುತ್ತದೆ, ಆದರೆ ಮೈ ತುಂಬಿರುವುದಿಲ್ಲ.

ಇಷ್ಟೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಪಿಯಾನೊ ಸ್ವರ ಹುಟ್ಟಿದ ಕ್ಷಣದಿಂದಲೇ ಸಾಯಲು ಶುರುವಾಗುತ್ತದಲ್ಲ! ಸುತ್ತಿಗೆ ಒಂದು ಸಲ ಹೊಡೆದು ಹಿಂದೆ ಸರಿಯಿತು ಅಂದರೆ ಮುಗಿಯಿತು, ಆಮೇಲೆ ಬರುವುದೆಲ್ಲ ಉಳಿಕೆ. ವೀಣೆಯ ಮೀಟಿನಲ್ಲೂ ಹೀಗೇ. ತೆಳು ತಂತಿಯಲ್ಲಿ ಕೂಡಿಟ್ಟ ಶಕ್ತಿಯೂ ಕಡಿಮೆ, ಬೇಗ ಖಾಲಿ. ಚೆಲ್ಲೊದ ಕಮಾನು ಹಾಗಲ್ಲ. ಅದು ತಂತಿಯನ್ನು ಅಂಟಿಸಿಕೊಂಡು ಎಳೆಯುತ್ತದೆ, ತಂತಿ ಜಾರಿ ವಾಪಸ್ ಬರುತ್ತದೆ, ಮತ್ತೆ ಅಂಟುತ್ತದೆ. ಸ್ವರ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೋ ಅಷ್ಟು ಸಲ ಈ ಅಂಟು-ಜಾರು ನಡೆಯುತ್ತದೆ. ಕೈ ಎಳೆಯುವಷ್ಟು ಹೊತ್ತೂ ಶಕ್ತಿ ಬರುತ್ತಲೇ ಇರುತ್ತದೆ.

ಈ ಎರಡನ್ನೂ, ಕಮಾನಿನ ಎಳೆತವನ್ನೂ ಸುತ್ತಿಗೆಯ ಹೊಡೆತವನ್ನೂ, ತಲೆಕೆಡಿಸಿಕೊಂಡು ಅಳೆದವರಲ್ಲಿ ನಮ್ಮ ಸಿ. ವಿ. ರಾಮನ್ ಒಬ್ಬರು. ಬೆಂಗಳೂರಿಗೆ ಬರುವ ಎಷ್ಟೋ ಮೊದಲು, ಕಲ್ಕತ್ತದಲ್ಲಿದ್ದಾಗ, 1918ರಲ್ಲಿ ಕಮಾನಿನ ತಂತಿಗಳ ಬಗ್ಗೆ ದೊಡ್ಡ ಪ್ರಬಂಧವನ್ನೇ ಬರೆದರು. 1920ರಲ್ಲಿ ಭಾಬೊನಾಥ್ ಬ್ಯಾನರ್ಜಿ ಜೊತೆ ಸೇರಿ ಪಿಯಾನೊ ಸುತ್ತಿಗೆಯ ಹೊಡೆತದ ಬಗ್ಗೆ ಬರೆದರು. ಬೆಳಕಿನ ರಾಮನ್ ಮಾತ್ರ ಗೊತ್ತಿರುವವರಿಗೆ ಇದು ಸ್ವಲ್ಪ ಆಶ್ಚರ್ಯವೇ.

ಈಗ ಎರಡನ್ನೂ ಕೂಡಿಸಿ. ಪಿಯಾನೊದ ಎಡಗೈ ಮತ್ತು ಚೆಲ್ಲೊ ಒಂದೇ ಕ್ಷಣದಲ್ಲಿ ಒಂದೇ ಸ್ವರ ಹಿಡಿಯುತ್ತವೆ. ಒಟ್ಟಿಗೆ ಶುರುವಾಗಿ, ಶ್ರುತಿಯೂ ಒಂದೇ ಆದ ಸದ್ದುಗಳನ್ನು ನಮ್ಮ ಕಿವಿ ಬೇರೆ ಬೇರೆ ಅಂತ ಎಣಿಸುವುದಿಲ್ಲ, ಒಂದೇ ಅಂತ ಕೇಳಿಸಿಕೊಳ್ಳುತ್ತದೆ. ಸ್ವರದ ತಲೆ ಪಿಯಾನೊದ್ದು, ಬಾಲ ಚೆಲ್ಲೊದ್ದು. ಕೇಳುವವರಿಗೆ ಮಾತ್ರ ಇಡೀ ಪಿಯಾನೊವೇ ಇದ್ದಕ್ಕಿದ್ದ ಹಾಗೆ ಮೈ ತುಂಬಿಕೊಂಡಂತೆ. ನನ್ನ ಮಟ್ಟಿಗೆ ಚೆಲ್ಲೊ ಇಲ್ಲಿ ಮೂರನೇ ವಾದ್ಯವೇ ಅಲ್ಲ, ಪಿಯಾನೊದಲ್ಲಿ ಇಲ್ಲದಿದ್ದ ಒಂದು ಭಾಗ.

ಹೈಡನ್ ಕಾಲದವರೂ ಇವನ್ನು ಟ್ರಿಯೊ ಅನ್ನುತ್ತಿರಲಿಲ್ಲ. ವಯಲಿನ್, ಚೆಲ್ಲೊ ಜೊತೆಗೂಡಿದ ಪಿಯಾನೊ ಸೊನಾಟಾ, ಅಂದರೆ ಪಿಯಾನೊವೇ ಮುಖ್ಯವಾದ ಕೃತಿ, ಅಂತಲೇ ಅಚ್ಚಾಗುತ್ತಿದ್ದವು. ವಾದ್ಯದ ಗುಣ ಎಷ್ಟು ಮುಖ್ಯ ಅಂತ ಆತನಿಗೆ ಚೆನ್ನಾಗಿ ಗೊತ್ತಿತ್ತು. 1788ರಲ್ಲಿ ಪ್ರಕಾಶಕ ಆರ್ಟಾರಿಯಾಗೆ ಪತ್ರ ಬರೆದು ಡ್ಯುಕಟ್ ಅನ್ನುವ 31 ಚಿನ್ನದ ನಾಣ್ಯ ಕೇಳುತ್ತಾನೆ. ನಿಮ್ಮ ಮೂರು ಸೊನಾಟಾ ಚೆನ್ನಾಗಿ ಬರಬೇಕು ಅಂತ ಹೊಸ ಫೋರ್ಟೆಪಿಯಾನೊ ಕೊಳ್ಳಬೇಕಾಯಿತು ಅಂತ ಕಾರಣ ಕೊಡುತ್ತಾನೆ. ಪಿಯಾನೊ ಮಾಡಿದವನು ವಿಯೆನ್ನಾದ ಶಾಂಟ್ಸ್. ಆ ಮೂರು ಸೊನಾಟಾಗಳೇ ಇವತ್ತು ನಾವು ಟ್ರಿಯೊ ಅನ್ನುವ ಮೂರು ಕೃತಿಗಳು. ಖರ್ಚನ್ನು ಪ್ರಕಾಶಕನ ತಲೆಗೆ ಕಟ್ಟಿದ ಜಾಣತನ ನೋಡಿ!

ಆಮೇಲೆ ಲಂಡನ್. 1790ರ ದಶಕದಲ್ಲಿ ಎರಡು ಸಲ ಅಲ್ಲಿಗೆ ಹೋದಾಗ ಸಿಕ್ಕ ಇಂಗ್ಲಿಷ್ ಪಿಯಾನೊಗಳು ವಿಯೆನ್ನಾದವುಗಳಿಗಿಂತ ಗಟ್ಟಿ, ನಾದವೂ ಉದ್ದ. ಜಿಪ್ಸಿ ಕುಣಿತದ ಧಾಟಿಯ ಕೊನೆಯ ಭಾಗದಿಂದ ಹೆಸರಾದ ಜಿ ಮೇಜರ್ ಟ್ರಿಯೊ ಅಲ್ಲಿಯದು. ಅದನ್ನು ರೆಬೆಕಾ ಶ್ರೋಟರ್ ಅನ್ನುವವಳಿಗೆ ಅರ್ಪಿಸಿದ. ತೆರೆಸಾ ಯಾನ್ಸೆನ್ ಅನ್ನುವ ಗಟ್ಟಿಗಿತ್ತಿ ಪಿಯಾನೊ ವಾದಕಿಗಾಗಿ ಇನ್ನೂ ಮೂರು ಬರೆದ, ಅವು ಕೈಗೆ ಬಲು ಕಷ್ಟ.

ಇದೇ ಟ್ರಿಯೊಗಳನ್ನು ಇವತ್ತಿನ ಕಬ್ಬಿಣದ ಪಿಯಾನೊದಲ್ಲಿ ಕೇಳಿದರೆ ಚೆಲ್ಲೊ ನಿಜಕ್ಕೂ ದಂಡ ಅನಿಸುತ್ತದೆ. ಆ ಕೆಲಸವನ್ನೆಲ್ಲ ತಾಮ್ರ ಸುತ್ತಿದ ತಂತಿಯೇ ಮಾಡಿಬಿಡುತ್ತದೆ. ಸಾಧ್ಯವಾದರೆ ಫೋರ್ಟೆಪಿಯಾನೊದ ರೆಕಾರ್ಡಿಂಗ್ ಹುಡುಕಿ, ಒಳ್ಳೆಯ ಹೆಡ್‌ಫೋನ್ ಹಾಕಿ ಕೇಳಿ.

ಶುರು ಮಾಡಲು ಯಾನ್ಸೆನ್‌ಗೆ ಬರೆದ ಇ ಮೇಜರ್ ಟ್ರಿಯೊ ಒಳ್ಳೆಯದು. ಹೈಡನ್ ಅಲ್ಲಿ ಲೆಕ್ಕವನ್ನೇ ತಲೆಕೆಳಗು ಮಾಡಿದ್ದಾನೆ. ಮೊದಲ ಸಾಲಿನಲ್ಲೇ ವಯಲಿನ್ ಮತ್ತು ಚೆಲ್ಲೊ ಕಮಾನು ಬಿಟ್ಟು ಬೆರಳಿನಿಂದ ತಂತಿ ಮೀಟುತ್ತವೆ. ಸ್ವರ ಎಳೆಯಬೇಕಾದವರೇ ಎಳೆಯುತ್ತಿಲ್ಲ. ಪಿಯಾನೊ ಕೂಡ ಜೊತೆಗೆ ಬಿಡಿಬಿಡಿಯಾಗಿ ನುಡಿಯುತ್ತದೆ. ಸುತ್ತಿಗೆಯದ್ದು ಯಾವುದು, ಬೆರಳಿನದ್ದು ಯಾವುದು ಅಂತ ಗೊತ್ತಾಗದೆ, ಯಾವ ಅಂಗಡಿಯಲ್ಲೂ ಸಿಗದ ಒಂದು ದೊಡ್ಡ ಹಾರ್ಪ್ ನುಡಿದ ಹಾಗೆ ಕೇಳುತ್ತದೆ.