ಸ್ಕ್ಯಾನ್‌ನಿಂದ ಟೂಲ್‌ಪಾತ್‌ಗೆ: ಒಂದು ಸಕ್ಕರೆ ಅಚ್ಚಿನ ಲೆಕ್ಕ

ಮನೆಯಲ್ಲೇ ಜೋಡಿಸಿದ ಸಿಎನ್‌ಸಿ ರೌಟರ್‌ನಲ್ಲಿ (ಕಂಪ್ಯೂಟರ್ ಹೇಳಿದಂತೆ ಮರ ಕೆತ್ತುವ ಯಂತ್ರ) ಸಾಮಾನ್ಯವಾಗಿ ಮೂರೇ ಅಕ್ಷ ಇರುತ್ತವೆ. ತಿರುಗುತ್ತಾ ಕೆತ್ತುವ ಬಿಟ್ ಮೇಲಿನಿಂದ ಮಾತ್ರ ಇಳಿಯುತ್ತದೆ. ಅಂದರೆ ಒಂದು ಎಕ್ಸ್-ವೈ ಜಾಗಕ್ಕೆ ಒಂದೇ ಎತ್ತರ ಸಾಧ್ಯ. ವಿಗ್ರಹದ ಗಲ್ಲದ ಕೆಳಗೆ, ಕೈಯ ಹಿಂದೆ ಅದು ಹೋಗಲಾರದು. ಹಾಗಾಗಿ ವಸ್ತುವನ್ನು ಸ್ಕ್ಯಾನ್ ಮಾಡಿ ನಕಲು ಕೆತ್ತುವುದನ್ನು ಕಲಿಯುವುದಕ್ಕೆ ಪೂರ್ತಿ ಗೊಂಬೆ ಬೇಡ. ಸಂಕ್ರಾಂತಿಗೆ ಸಕ್ಕರೆ ಅಚ್ಚು ಹೊಯ್ಯುವ ಹಳೇ ಮರದ ಅಚ್ಚು ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಗಟ್ಟಿಯಾದ ಸಕ್ಕರೆ ಗಿಳಿ ಮುರಿಯದೆ ಹೊರಬರಬೇಕಲ್ಲ, ಅದಕ್ಕೇ ಅಚ್ಚಿನ ಹೋಳಿನಲ್ಲಿ ಒಳಗೆ ಮಡಚಿಕೊಂಡ ಜಾಗ ಇರುವುದಿಲ್ಲ. ಅಚ್ಚಿನಿಂದ ಬಿಟ್ಟುಕೊಳ್ಳುವ ಆಕಾರವನ್ನು ಮೂರು ಅಕ್ಷದ ಯಂತ್ರವೂ ಕೆತ್ತಬಲ್ಲದು.

ಸ್ಕ್ಯಾನ್‌ಗೆ ಫೋನ್ ಫೋಟೋಗಳು ಸಾಕು, ಮೆಶ್‌ರೂಮ್‌ನಂಥ ಉಚಿತ ತಂತ್ರಾಂಶ ಅವನ್ನು ಸೇರಿಸಿ ತ್ರಿಕೋನಗಳ ಮೆಶ್ (ಬಲೆಯಂಥ ಮೇಲ್ಮೈ) ಮಾಡಿಕೊಡುತ್ತದೆ. ಒಂದು ಫೋಟೋದ ಕಲೆ, ಗೆರೆಗಳನ್ನು ಇನ್ನೊಂದರಲ್ಲಿ ಹುಡುಕಿ ಹೊಂದಿಸುವುದೇ ಅದರ ಕೆಲಸ. ಆದ್ದರಿಂದ ಬಿಳೀ ಸಕ್ಕರೆ ಗಿಳಿಯನ್ನು ಸ್ಕ್ಯಾನ್ ಮಾಡಲು ಹೋಗಬೇಡಿ. ಅದರ ಮೇಲೆ ಗುರುತೇ ಇಲ್ಲ, ಬೆಳಕೂ ಒಳಕ್ಕೆ ನುಸುಳುತ್ತದೆ. ಮರದ ಅಚ್ಚು ಎಷ್ಟೋ ವಾಸಿ. ಎಣ್ಣೆ ಹೊಳಪಿದ್ದರೆ ತೆಳ್ಳಗೆ ಟಾಲ್ಕಂ ಪೌಡರ್ ಉದುರಿಸಿ, ಬಿಸಿಲು ಬಿಟ್ಟು ನೆರಳಿನಲ್ಲಿ ತೆಗೆಯಿರಿ.

ಗುಳಿ ತೀರ ಆಳವಾಗಿದ್ದರೆ ಅದಕ್ಕೆ ಜೇಡಿಮಣ್ಣು ಒತ್ತಿ, ಹೊರಬಂದ ಉಬ್ಬನ್ನು ಸ್ಕ್ಯಾನ್ ಮಾಡಬಹುದು. ಇಲ್ಲಿ ಒಂದು ಕಡೆ ಹುಷಾರು. ಉಬ್ಬನ್ನು ಗುಳಿ ಮಾಡೋಕೆ ಝಡ್‌ನ ಚಿಹ್ನೆಯನ್ನಷ್ಟೇ ಬದಲಿಸಿದರೆ ಎಡ-ಬಲ ಅದಲುಬದಲಾಗುತ್ತದೆ, ಅಚ್ಚಿನ ಇನ್ನೊಂದು ಹೋಳಿಗೆ ಅದು ಕೂರುವುದೇ ಇಲ್ಲ. ಮೆಶ್ಶನ್ನು ಎಕ್ಸ್ ಅಕ್ಷದ ಸುತ್ತ 180 ಡಿಗ್ರಿ ಮಗುಚಿ, ಆಮೇಲೆ ನಾರ್ಮಲ್‌ಗಳನ್ನು (ತ್ರಿಕೋನದ ಹೊರಮೈ ಯಾವ ಕಡೆ ಎಂದು ತೋರಿಸುವ ಬಾಣಗಳು) ತಿರುಗಿಸಿ. ಆಗ ಸರಿ.

ಅಳತೆಯ ವಿಷಯ ಚಿಕ್ಕದು. ಫೋಟೋಗಳಿಗೆ ಮಿಲಿಮೀಟರ್ ಗೊತ್ತಿಲ್ಲ. ಮೆಶ್ ಉಳಿಸುವ ಎಸ್‌ಟಿಎಲ್ ಫೈಲ್‌ನಲ್ಲೂ ಬರೀ ಸಂಖ್ಯೆ ಇರುತ್ತದೆ, ಮಾನ ಇರುವುದಿಲ್ಲ. ಅಚ್ಚಿನ ಪಕ್ಕ ಒಂದು ಸ್ಕೇಲ್ ಇಟ್ಟಿರಿ. 100 ಮಿ.ಮೀ. ದೂರ ಮೆಶ್‌ನಲ್ಲಿ 3.42 ಎಂದು ಬಂದರೆ ಎಲ್ಲವನ್ನೂ 29.24ರಿಂದ ಗುಣಿಸಿ.

ಈಗ ಮುಖ್ಯ ವಿಷಯ: ಟೂಲ್‌ಪಾತ್, ಅಂದರೆ ಬಿಟ್ ಸಾಗುವ ದಾರಿ, ಹುಟ್ಟುವುದು ಹೇಗೆ? ಫ್ರೀಕ್ಯಾಡ್ ಎಂಬ ವಿನ್ಯಾಸ ತಂತ್ರಾಂಶ ಬಳಸುವ ಓಪನ್‌ಕ್ಯಾಮ್‌ಲಿಬ್ ಎಂಬ ಕೋಡ್ ಸಂಗ್ರಹದಲ್ಲಿ ಇದಕ್ಕೆ ಡ್ರಾಪ್ ಕಟರ್ ಎನ್ನುತ್ತಾರೆ. ಒಂದು ಎಕ್ಸ್-ವೈ ಜಾಗದ ನೇರ ಮೇಲಿನಿಂದ, ಕಡ್ಡಿಯ ತುದಿಗೆ ಅಂಟಿಸಿದ ಗೋಲಿಯಂತೆ ಬಿಟ್ಟನ್ನು ಇಳಿಬಿಡುವುದು. ಯಾವುದಾದರೂ ತ್ರಿಕೋನಕ್ಕೆ ತಾಗಿದ ಕೂಡಲೇ ನಿಲ್ಲಿಸಿ, ತುದಿಯ ಎತ್ತರ ಬರೆದುಕೊಳ್ಳುವುದು. ಆಮೇಲೆ ಪಕ್ಕದ ಜಾಗ.

ಕೈಯಲ್ಲೇ ಲೆಕ್ಕ ಹಾಕಿ ನೋಡೋಣ. ಬಾಲ್‌ನೋಸ್, ಅಂದರೆ ತುದಿ ಗುಂಡಗಿರುವ ಬಿಟ್‌ನ ವ್ಯಾಸ 3 ಮಿ.ಮೀ., ತ್ರಿಜ್ಯ 1.5. ಬಿಟ್‌ನ ಕೆಳಗೆ ನೆಲ ಸಮ, ಎತ್ತರ 0. ಆದರೆ 1 ಮಿ.ಮೀ. ಆಚೆ 2 ಮಿ.ಮೀ. ಎತ್ತರದ ಒಂದು ಮೊನೆ ಇದೆ. ಗುಂಡುಬಿಟ್‌ನ ಮೈ ನಡುವಿನಿಂದ 1 ಮಿ.ಮೀ. ದೂರದಲ್ಲಿ ತುದಿಗಿಂತ 0.382 ಮಿ.ಮೀ. ಮೇಲಿರುತ್ತದೆ (1.5ರಿಂದ 1.25ರ ವರ್ಗಮೂಲ 1.118 ಕಳೆಯಿರಿ). ಹಾಗಾಗಿ ತುದಿ 2 ಮೈನಸ್ 0.382, ಅಂದರೆ 1.618 ಮಿ.ಮೀ. ಎತ್ತರದಲ್ಲೇ ನಿಲ್ಲಬೇಕು. ಕೆಳಗೆ ನೆಲ ಖಾಲಿ ಇದ್ದರೂ ಇಳಿಯುವಂತಿಲ್ಲ.

ಆ ಮೊನೆ ಅಚ್ಚಿನಲ್ಲೇ ಇದ್ದರೆ ಸರಿ. ಅದು ಸ್ಕ್ಯಾನ್‌ನ ಕಸವಾಗಿದ್ದರೆ? ಕೂದಲಿನಷ್ಟು ತೆಳ್ಳಗಿನ ಕಸ, ಕೆತ್ತಿದ ಮೇಲೆ ಬುಡದಲ್ಲಿ 3 ಮಿ.ಮೀ. ಅಗಲದ ಗುಡ್ಡವಾಗಿ ನಿಲ್ಲುತ್ತದೆ. ಅದೇ ಕಸ ಕೆಳಮುಖವಾಗಿದ್ದರೆ, ಅಂದರೆ ಬಿಟ್‌ಗಿಂತ ಸಣ್ಣ ತೂತಾಗಿದ್ದರೆ, ಬಿಟ್ ಅದರೊಳಗೆ ಹೋಗೋದೇ ಇಲ್ಲ, ಏನೂ ತೊಂದರೆಯಿಲ್ಲ. ಮೆಶ್ ಒಪ್ಪ ಮಾಡಲು ಕೂತಾಗ ಇದೇ ನನ್ನ ನಿಯಮ: ಮೇಲೆದ್ದ ಮೊನೆಗಳನ್ನು ಬೆನ್ನಟ್ಟಿ, ಸಣ್ಣ ಗುಂಡಿಗಳನ್ನು ಬಿಟ್ಟುಬಿಡಿ. ತ್ರಿಕೋನಗಳೇ ಬಿಟ್ಟುಹೋದ ದೊಡ್ಡ ತೂತಿದ್ದರೆ ಮಾತ್ರ ಮುಚ್ಚಲೇಬೇಕು. ಅಲ್ಲಿ ತಡೆಯಲು ಏನೂ ಇಲ್ಲ, ಬಿಟ್ ನೀವು ಕೊಟ್ಟ ಕನಿಷ್ಠ ಎತ್ತರದವರೆಗೂ ನುಗ್ಗುತ್ತದೆ. ಆಮೇಲೆ ಮೆಶ್‌ಲ್ಯಾಬ್ ಎಂಬ ತಂತ್ರಾಂಶದಲ್ಲಿ ತ್ರಿಕೋನಗಳನ್ನು ಧಾರಾಳವಾಗಿ ಕಡಿಮೆ ಮಾಡಿ. 1.5 ತ್ರಿಜ್ಯದ ಬಿಟ್‌ಗೆ ಗಿಳಿಯ ಕಣ್ಣಿನ ಒಳಮೂಲೆ ಹೇಗೂ ನಿಲುಕದು. ಅದು ಬೇಕೇ ಬೇಕು ಅಂದರೆ 0.5 ತ್ರಿಜ್ಯದ ಮೊನಚು ಬಿಟ್ ಹಾಕಿ, ಅಷ್ಟು ಜಾಗವನ್ನು ಮಾತ್ರ ಇನ್ನೊಮ್ಮೆ ಓಡಿಸಿ.

ಮೊದಲು 6 ಮಿ.ಮೀ. ಚಪ್ಪಟೆ ಬಿಟ್‌ನಿಂದ ಅರ್ಧ ಮಿಲಿಮೀಟರ್ ಉಳಿಸಿ ಒರಟಾಗಿ ಕೆತ್ತಿ, ನಂತರ ಗುಂಡುಬಿಟ್‌ನಿಂದ ನಯ ಮಾಡುವುದು. ನಯ ಮಾಡುವಾಗ ಎರಡು ಸಾಲಿನ ನಡುವಿನ ದೂರ ಸ್ಟೆಪ್‌ಓವರ್. ಸಾಲುಗಳ ಮಧ್ಯೆ ಉಳಿಯುವ ಏಣಿನ ಎತ್ತರ ಸುಮಾರಾಗಿ ಸ್ಟೆಪ್‌ಓವರ್‌ನ ವರ್ಗವನ್ನು ತ್ರಿಜ್ಯದ ಎಂಟರಷ್ಟರಿಂದ ಭಾಗಿಸಿದಷ್ಟು. 0.6 ಮಿ.ಮೀ. ಇಟ್ಟರೆ 0.03 ಮಿ.ಮೀ. ಏಣು, 0.3 ಇಟ್ಟರೆ 0.0075. ಸಮಯ ದುಪ್ಪಟ್ಟು, ಏಣು ಕಾಲು ಭಾಗ. ಇದು ಸಪಾಟು ಜಾಗದ ಮಾತು. ಸಾಲುಗಳಿಗೆ ಅಡ್ಡವಾಗಿ 60 ಡಿಗ್ರಿ ಓರೆಯಾದ ಗೋಡೆಯಲ್ಲಿ ಮೈಗುಂಟ ದೂರ ದುಪ್ಪಟ್ಟಾಗಿ, ಏಣು ನಾಲ್ಕು ಪಟ್ಟಾಗುತ್ತದೆ. ಅಚ್ಚಿನಲ್ಲಿ ಸಕ್ಕರೆ ಕಚ್ಚಿಕೊಳ್ಳುವುದು ಅಂಥ ಗೋಡೆಗೇ, ಆದ್ದರಿಂದ 0.3 ಇಡುವುದು ವಾಸಿ.

80 ಗುಣಿಸು 60 ಮಿ.ಮೀ. ಅಚ್ಚಿಗೆ 0.3ರಂತೆ 200 ಸಾಲು, ಒಟ್ಟು 16 ಮೀಟರ್ ಓಟ. ನಿಮಿಷಕ್ಕೆ 1000 ಮಿ.ಮೀ. ವೇಗ ಕೊಟ್ಟರೆ 16 ನಿಮಿಷದಲ್ಲಿ ಮುಗಿಯಬೇಕು, ಅಲ್ವಾ? ಯಂತ್ರ ಮಾತ್ರ ತೆವಳುತ್ತಿರುತ್ತದೆ. ಯಂತ್ರ ನಡೆಸುವ ಆರ್ಡುಯಿನೋ ಊನೋ ಬೋರ್ಡ್ ಮೇಲಿನ ಜಿಆರ್‌ಬಿಎಲ್ 1.1 ತಂತ್ರಾಂಶ ಮುಂದಿನ 16 ಚಲನೆಗಳನ್ನಷ್ಟೇ ನೋಡಿಟ್ಟುಕೊಳ್ಳುತ್ತದೆ, ಕೊನೆಯದರಲ್ಲಿ ನಿಲ್ಲಬೇಕಾಗಬಹುದು ಎಂದೇ ಲೆಕ್ಕ ಹಾಕುತ್ತದೆ. ಸ್ಕ್ಯಾನ್‌ನಿಂದ ಬಂದ ಟೂಲ್‌ಪಾತ್‌ನಲ್ಲಿ ಒಂದೊಂದು ಚಲನೆ 0.1 ಮಿ.ಮೀ. ಇದ್ದರೆ ಅದಕ್ಕೆ ಕಾಣುವ ದಾರಿ 1.6 ಮಿ.ಮೀ. ಮಾತ್ರ. ಮೊದಲೇ ಇರುವ ವೇಗವರ್ಧನೆ ಸೆಕೆಂಡಿಗೆ ಸೆಕೆಂಡಿಗೆ 10 ಮಿ.ಮೀ. ಅಷ್ಟು ದೂರದಲ್ಲಿ ನಿಲ್ಲಬಹುದಾದ ವೇಗ, 2 ಗುಣಿಸು 10 ಗುಣಿಸು 1.6ರ ವರ್ಗಮೂಲ: ಸೆಕೆಂಡಿಗೆ 5.7, ನಿಮಿಷಕ್ಕೆ ಸುಮಾರು 340 ಮಿ.ಮೀ. ನೀವು ಎಷ್ಟೇ ಫೀಡ್ (ಕೆತ್ತುವ ವೇಗ) ಬರೆದರೂ ಇದೇ ಮಿತಿ. 16 ನಿಮಿಷದ ಕೆಲಸ 47 ನಿಮಿಷವಾಗುತ್ತದೆ.

ವರ್ಧನೆಯನ್ನು 200ಕ್ಕೆ ಏರಿಸಿದರೆ ಇದೇ ಮಿತಿ ನಿಮಿಷಕ್ಕೆ 1500 ದಾಟುತ್ತದೆ. ಡಾಲರ್ 120, 121, 122 ಎಂಬ ಸೆಟ್ಟಿಂಗ್‌ಗಳಲ್ಲಿ ಸ್ವಲ್ಪ ಸ್ವಲ್ಪವೇ ಏರಿಸಿ, ಮೋಟಾರ್ ಸ್ಟೆಪ್ ತಪ್ಪಿಸುತ್ತಿದೆಯಾ ಅಂತ ನೋಡಿಕೊಳ್ಳಿ. ಗರಿಷ್ಠ ವೇಗವೂ ಮೊದಲಿಗೆ ನಿಮಿಷಕ್ಕೆ 500 ಮಾತ್ರ, ಅದು ಡಾಲರ್ 110ರಿಂದ 112. ಉಬ್ಬುತಗ್ಗಿನ ಕೆಲಸದಲ್ಲಿ ಝಡ್ ಪುರುಸೊತ್ತಿಲ್ಲದೆ ಏರಿಳಿಯುತ್ತದೆ, ಸಾಮಾನ್ಯವಾಗಿ ಅದೇ ಎಲ್ಲಕ್ಕಿಂತ ನಿಧಾನ, ಅದನ್ನು ಮರೆಯಬೇಡಿ. ಇನ್ನೊಂದು ದಾರಿ, ಕ್ಯಾಮ್‌ನಲ್ಲಿ (ಟೂಲ್‌ಪಾತ್ ಮಾಡುವ ತಂತ್ರಾಂಶ) ಟಾಲರೆನ್ಸ್, ಅಂದರೆ ಒಪ್ಪುವ ತಪ್ಪಿನ ಮಿತಿ, ಸಡಿಲಿಸಿ ಚಲನೆಗಳನ್ನು ಉದ್ದ ಮಾಡುವುದು.

ಮೊದಲ ಸಲ ಝಡ್ ಸೊನ್ನೆಯನ್ನು 20 ಮಿ.ಮೀ. ಮೇಲಿಟ್ಟು ಗಾಳಿಯಲ್ಲೇ ಓಡಿಸಿ. ಆಮೇಲೆ ಒಂದು ತುಂಡು ಎಂಡಿಎಫ್‌ನಲ್ಲಿ (ಮರದ ನಾರಿಗೆ ಅಂಟು ಬೆರೆಸಿ ಒತ್ತಿದ ಹಲಗೆ) ಕೆತ್ತಿ ನೋಡಿ. ಆದರೆ ಆ ತುಂಡಿಗೆ ಸಕ್ಕರೆ ಪಾಕ ಹೊಯ್ಯಬೇಡಿ, ಎಂಡಿಎಫ್‌ನಲ್ಲಿರುವ ಅಂಟು ತಿನ್ನುವ ಪದಾರ್ಥಕ್ಕೆ ತಾಗುವಂಥದ್ದಲ್ಲ.